ದೂರದ ಗಾಡಿ ಮತ್ತು ಆದೇಶದ ವಯಸ್ಸು

ಮೈದಾನದಲ್ಲಿ ಮಕ್ಕಳು ಓಡಿಸುವ ರಿಮೋಟ್ ಕಾರಿಗೂ ಮೊಬೈಲ್ ಇಂಟರ್ನೆಟ್ಟಿನ ಮೂಲಕ ಬೇರೆ ಊರಿನಿಂದ ನಡೆಸುವ ಪುಟ್ಟ ಗಾಡಿಗೂ ಹೊರನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡಕ್ಕೂ ನಾಲ್ಕು ಚಕ್ರ, ಒಂದು ಮೋಟಾರು, ಒಂದು ಬ್ಯಾಟರಿ ಸಾಕು. ವ್ಯತ್ಯಾಸವಿರುವುದು ಚಾಲಕನ ಕೈಗೂ ಗಾಡಿಯ ಚಕ್ರಕ್ಕೂ ನಡುವಿನ ದಾರಿಯಲ್ಲಿ. ರಿಮೋಟ್ ಕಾರಿನಲ್ಲಿ ಕೈಪೆಟ್ಟಿಗೆಯಿಂದ ಹೊರಟ 2.4 ಗಿಗಾಹರ್ಟ್ಸ್ ರೇಡಿಯೊ ಸಂಕೇತ ನೇರವಾಗಿ ಗಾಡಿಯ ರಿಸೀವರನ್ನು ಮುಟ್ಟುತ್ತದೆ, ಚಾಲಕ ಗಾಡಿಯನ್ನು ತನ್ನ ಕಣ್ಣಾರೆ ನೋಡುತ್ತಿರುತ್ತಾನೆ. ಇಂಟರ್ನೆಟ್ ಗಾಡಿಯಲ್ಲಾದರೆ ಗಾಡಿಯ ಕ್ಯಾಮೆರಾ ಕಂಡ ದೃಶ್ಯ ಮೊದಲು ಟವರಿಗೆ ಹೋಗಿ, ಅಲ್ಲಿಂದ ಮೊಬೈಲ್ ಕಂಪನಿಯ ಜಾಲವನ್ನು ಹಾದು, ಯಾವುದೋ ನಗರದ ಸರ್ವರನ್ನು ಮುಟ್ಟಿ, ಚಾಲಕನ ಮನೆಯ ರೌಟರಿಗೆ ಬಂದು, ತೆರೆಯ ಮೇಲೆ ಮೂಡಬೇಕು. ಅದನ್ನು ನೋಡಿ ಅವನು ಕೊಟ್ಟ ಆದೇಶ ಅಷ್ಟೂ ದಾರಿಯನ್ನು ಹಿಂದಕ್ಕೆ ಕ್ರಮಿಸಬೇಕು. ಇಂಥ ಗಾಡಿಗಳನ್ನು ಕಟ್ಟುತ್ತ, ನಡೆಸುತ್ತ, ಬಿಚ್ಚಿ ಮತ್ತೆ ಕಟ್ಟುತ್ತ ಬಂದಿರುವ ನನಗೆ ಮನದಟ್ಟಾಗಿರುವ ಸಂಗತಿಯನ್ನು ಇಲ್ಲಿ ವಿವರವಾಗಿ ಬರೆಯಬೇಕೆನಿಸಿದೆ. ವಿಳಂಬ ಎಷ್ಟಿದೆ ಎನ್ನುವುದಕ್ಕಿಂತ ಅದು ಎಷ್ಟು ಏರಿಳಿಯುತ್ತದೆ ಎನ್ನುವುದು ಹೆಚ್ಚು ಮುಖ್ಯ. ಆ ಏರಿಳಿತದ ಅರಿವು ಚಾಲಕನಿಗಿಂತ ಮೊದಲು ಗಾಡಿಗೆ ಇರಬೇಕು.

ನನ್ನ ಈಗಿನ ಗಾಡಿ ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಚಾಸಿಯ ಮೇಲೆ ನಿಂತಿದೆ. 7.4 ವೋಲ್ಟಿನ ಎರಡು ಸೆಲ್ಲುಗಳ ಲಿಥಿಯಂ ಪಾಲಿಮರ್ ಬ್ಯಾಟರಿ, ಮುಂದಿನ ಚಕ್ರಗಳನ್ನು ತಿರುಗಿಸುವ ಸರ್ವೊ, ಹಿಂದಿನ ಮೋಟಾರಿಗೆ ಹಾಯುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಇಎಸ್‌ಸಿ, ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರು, ಅದರ ಕ್ಯಾಮೆರಾ ಮತ್ತು ಅದನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಒಂದು 4ಜಿ ಡಾಂಗಲ್ ಗಾಡಿಯ ಮೈಮೇಲಿವೆ. ಸರ್ವೊಗೂ ಇಎಸ್‌ಸಿಗೂ ಅರ್ಥವಾಗುವ ಭಾಷೆ ಬಹಳ ಸರಳವಾದದ್ದು. ಸೆಕೆಂಡಿಗೆ ಸುಮಾರು 50 ಸಲ ಒಂದು ವಿದ್ಯುತ್ ಪಲ್ಸ್ ಬರುತ್ತಿರಬೇಕು, ಅದು 1.5 ಮಿಲಿಸೆಕೆಂಡು ಉದ್ದವಿದ್ದರೆ ಚಕ್ರ ನೇರವಾಗಿರುತ್ತದೆ, ಮೋಟಾರು ಸುಮ್ಮನಿರುತ್ತದೆ. 1 ಮಿಲಿಸೆಕೆಂಡಿನತ್ತ ಕುಗ್ಗಿದರೆ ಒಂದು ದಿಕ್ಕು, 2 ಮಿಲಿಸೆಕೆಂಡಿನತ್ತ ಹಿಗ್ಗಿದರೆ ಇನ್ನೊಂದು ದಿಕ್ಕು. ಸಾವಿರಾರು ಕಿಲೋಮೀಟರು ದೂರದಿಂದ ಬರುವ ಆದೇಶವೂ ಕೊನೆಗೆ ಈ ಅರ್ಧ ಮಿಲಿಸೆಕೆಂಡಿನ ಹಿಗ್ಗು ಕುಗ್ಗಾಗಿಯೇ ಚಕ್ರವನ್ನು ಮುಟ್ಟುತ್ತದೆ.

ವಿಳಂಬ ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 33 ಮಿಲಿಸೆಕೆಂಡು ಅಂತರವಿರುತ್ತದೆ. ಆ ಚಿತ್ರವನ್ನು ಕುಗ್ಗಿಸಿ ಕಟ್ಟುವುದಕ್ಕೆ ಸಮಯ ಬೇಕು, ಟವರಿಗೆ ಏರಿಸುವುದಕ್ಕೆ ಬೇಕು, ಆ ತುದಿಯಲ್ಲಿ ಬಿಡಿಸುವುದಕ್ಕೆ ಬೇಕು, ಸೆಕೆಂಡಿಗೆ 60 ಸಲ ಬದಲಾಗುವ ತೆರೆ ಇನ್ನಷ್ಟು ಮಿಲಿಸೆಕೆಂಡು ನುಂಗುತ್ತದೆ. ಇಷ್ಟಾದ ಮೇಲೆ ಮನುಷ್ಯನ ಕಣ್ಣು ಮತ್ತು ಕೈಗಳ ನಡುವಿನ ಕಾಲು ಸೆಕೆಂಡಿನಷ್ಟು ಸಮಯ ಬೇರೆ. ಸಂಜೆ ಬೆಳಕು ಇಳಿದಂತೆ ಕ್ಯಾಮೆರಾ ತಾನಾಗಿಯೇ ಹೆಚ್ಚು ಹೊತ್ತು ಬೆಳಕು ಹೀರತೊಡಗುತ್ತದೆ, ಚಿತ್ರಗಳ ಸಂಖ್ಯೆ ಇಳಿಯುತ್ತದೆ, ಜಾಲದಲ್ಲಿ ಏನೂ ಬದಲಾಗದಿದ್ದರೂ ವಿಳಂಬ ಏರುತ್ತದೆ. ಹಾಗಾಗಿ ಸಂಜೆ ಗಾಡಿ ಬಿಡುವಾಗ ಕ್ಯಾಮೆರಾದ ಎಕ್ಸ್‌ಪೋಶರನ್ನು ನಾನು ಕೈಯಾರೆ ಕಟ್ಟಿಹಾಕುತ್ತೇನೆ. ಚಿತ್ರ ಮಂಕಾದರೂ ಚಿಂತೆಯಿಲ್ಲ, ತಡವಾಗಿ ಬರಬಾರದು.

ಮನುಷ್ಯನ ಸಮಯ ಬಿಟ್ಟು ಮಿಕ್ಕವೆಲ್ಲ ಸೇರಿ ವಿಳಂಬ 300 ಮಿಲಿಸೆಕೆಂಡು ಆಯಿತೆಂದುಕೊಳ್ಳೋಣ. ಗಂಟೆಗೆ 18 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 5 ಮೀಟರು. ಆ ವೇಗದಲ್ಲಿ ಗಾಡಿ, ಚಾಲಕನಿಗೆ ಅಡ್ಡಿ ಕಂಡು ಅವನ ಆದೇಶ ಬಂದು ಮುಟ್ಟುವ ಹೊತ್ತಿಗೆ, ಅವನ ಅರಿವಿಗೆ ಬಾರದಂತೆ ಒಂದೂವರೆ ಮೀಟರು ಮುಂದೆ ಹೋಗಿರುತ್ತದೆ. ಅವನ ಪ್ರತಿಕ್ರಿಯೆಯ ಸಮಯವನ್ನು ಇದರಲ್ಲಿ ಸೇರಿಸಿಲ್ಲ. ನಡಿಗೆಯ ವೇಗದಲ್ಲಾದರೆ ಅದೇ ವಿಳಂಬ ಸುಮಾರು 40 ಸೆಂಟಿಮೀಟರಿಗೆ ಇಳಿಯುತ್ತದೆ. ವೇಗವನ್ನು ವಿಳಂಬದಿಂದ ಗುಣಿಸಿದರೆ ಬರುವ ಈ ದೂರವನ್ನು ನಾನು ಕುರುಡು ದೂರ ಎಂದು ಕರೆಯುತ್ತೇನೆ, ಮತ್ತು ಗಾಡಿಯ ಎಲ್ಲ ನಿರ್ಧಾರಗಳನ್ನೂ ಇದರ ಮೇಲೆಯೇ ನಿಲ್ಲಿಸಿದ್ದೇನೆ.

ವಿಳಂಬವನ್ನು ಅಳೆಯುವುದಕ್ಕೆ ದುಬಾರಿ ಉಪಕರಣಗಳ ಅಗತ್ಯವಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಮಿಲಿಸೆಕೆಂಡು ತೋರಿಸುವ ಗಡಿಯಾರವೊಂದನ್ನು ಓಡಬಿಟ್ಟು, ಗಾಡಿಯ ಕ್ಯಾಮೆರಾವನ್ನು ಅದರತ್ತ ತಿರುಗಿಸಿ, ಗಾಡಿ ಕಳಿಸಿದ ದೃಶ್ಯವನ್ನು ಅದೇ ತೆರೆಯ ಮೇಲೆ ಗಡಿಯಾರದ ಪಕ್ಕದಲ್ಲಿ ತೆರೆದಿಟ್ಟು, ಎರಡನ್ನೂ ಸೇರಿಸಿ ಫೋನಿನಲ್ಲಿ ಫೋಟೊ ತೆಗೆದರೆ ಎರಡು ಅಂಕಿಗಳ ವ್ಯತ್ಯಾಸವೇ ದೃಶ್ಯದ ವಿಳಂಬ. ಆದೇಶದ ವಿಳಂಬಕ್ಕೆ ಇನ್ನೊಂದು ದಾರಿಯಿದೆ. ಗಾಡಿಯ ಮೇಲೆ ಒಂದು ಸಣ್ಣ ಎಲ್‌ಇಡಿ ಕೂರಿಸಿ, ಗುಂಡಿ ಒತ್ತುವ ಬೆರಳು ಮತ್ತು ಎಲ್‌ಇಡಿ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಫೋನಿನ ಸ್ಲೋ ಮೋಷನ್ನಿನಲ್ಲಿ ಚಿತ್ರಿಸಬೇಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ ಒಂದೊಂದು ಚಿತ್ರಕ್ಕೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಬೆರಳು ತಳ ಮುಟ್ಟಿದ ಚಿತ್ರದಿಂದ ದೀಪ ಹತ್ತಿದ ಚಿತ್ರದವರೆಗೆ ಒಂದೊಂದಾಗಿ ಸರಿಸುತ್ತ ಎಣಿಸಿದರಾಯಿತು. ಇದನ್ನು ಒಮ್ಮೆ ಮಾಡಿ ಬಿಡಬಾರದು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ಹೊತ್ತು ಹೀಗೆ ಬೇರೆ ಬೇರೆ ವೇಳೆಯಲ್ಲಿ ಮಾಡಿ ನೋಡಿದಾಗ, ಸರಾಸರಿ ಎಂಬ ಒಂದು ಅಂಕಿ ಎಷ್ಟನ್ನು ಮುಚ್ಚಿಡುತ್ತದೆ ಎಂಬುದು ಗೊತ್ತಾಗುತ್ತದೆ.

ಜರ್ಮನಿಯಲ್ಲಿರುವ ಗೆಳೆಯರೊಬ್ಬರು ಮೈಸೂರಿನ ನಮ್ಮ ಬಡಾವಣೆಯ ಖಾಲಿ ಮೈದಾನದಲ್ಲಿ ನನ್ನ ಗಾಡಿಯನ್ನು ಆಗಾಗ ನಡೆಸುತ್ತಾರೆ. ಫೈಬರ್ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ, ಅಂದರೆ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರಕ್ಕೆ ಹೋಗಿಬರಲು ಕನಿಷ್ಠ 70 ಮಿಲಿಸೆಕೆಂಡು ಬೇಕೇ ಬೇಕು, ಸಮುದ್ರದಡಿಯ ಕೇಬಲ್ಲುಗಳು ಸುತ್ತುಬಳಸಿ ಬರುವುದರಿಂದ ವಾಸ್ತವದಲ್ಲಿ ಅದು ಇನ್ನೂ ಹೆಚ್ಚು. ಆದರೂ ಬೆಳಗಿನ ಹೊತ್ತು ಅವರು ಗಾಡಿಯನ್ನು ಕಲ್ಲುಗಳ ನಡುವೆ ಲೀಲಾಜಾಲವಾಗಿ ತೂರಿಸುತ್ತಾರೆ, ಏಕೆಂದರೆ ಆಗ ವಿಳಂಬ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ, ಮತ್ತು ಒಂದೇ ಸಮನಾದ ವಿಳಂಬಕ್ಕೆ ಕೈ ಬೇಗನೆ ಒಗ್ಗಿಕೊಳ್ಳುತ್ತದೆ. ತಿರುವು ಬರುವ ಮೊದಲೇ ಸ್ಟಿಯರಿಂಗ್ ತಿರುಗಿಸುವುದು ಅಭ್ಯಾಸವಾಗಿಬಿಡುತ್ತದೆ. ರಾತ್ರಿ ಎಂಟು ಗಂಟೆಗೆ, ಸುತ್ತಲಿನ ಮನೆಗಳಲ್ಲಿ ಎಲ್ಲರೂ ಫೋನಿನಲ್ಲಿ ವಿಡಿಯೊ ನೋಡುವ ಹೊತ್ತಿಗೆ, ಪಕ್ಕದ ಬೀದಿಯಲ್ಲಿ ಕುಳಿತು ನಡೆಸುವ ನನಗೆ ಅದೇ ಗಾಡಿ ಹೆಚ್ಚು ಕಷ್ಟ ಕೊಡುತ್ತದೆ. ದೃಶ್ಯ ಅರೆಕ್ಷಣ ನಿಲ್ಲುತ್ತದೆ, ಆಮೇಲೆ ತಡೆದಿದ್ದ ಚಿತ್ರಗಳೆಲ್ಲ ಒಟ್ಟಿಗೆ ನುಗ್ಗಿ ಬರುತ್ತವೆ; ಬೇವಿನ ಮರದ ಬುಡ ತೆರೆಯ ಎಡಗಡೆ ಇದ್ದದ್ದು ಒಮ್ಮೆಗೇ ನಡುಮಧ್ಯೆ ಬಂದು ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಕೈ ಯಾವ ಲೆಕ್ಕವನ್ನೂ ಕಲಿಯಲಾರದು.

ಈ ಪ್ರಶ್ನೆ ಇಂಟರ್ನೆಟ್ಟಿಗಿಂತ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯನ್ನು ರೇಡಿಯೊ ಮೂಲಕ ನಡೆಸಿ ತೋರಿಸಿದಾಗ ದೋಣಿ ಕಣ್ಣೆದುರೇ ಇತ್ತು, ವಿಳಂಬದ ಮಾತೇ ಇರಲಿಲ್ಲ. ಮಾತು ಹುಟ್ಟಿದ್ದು ಚಂದ್ರನ ಮೇಲೆ ಗಾಡಿ ಓಡಿಸುವ ಯೋಚನೆ ಬಂದಾಗ. 1960ರ ಸುಮಾರಿಗೆ ಸ್ಟ್ಯಾನ್‌ಫರ್ಡಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜೇಮ್ಸ್ ಆಡಮ್ಸ್, ಕ್ಯಾಮೆರಾ ಹೊತ್ತ ನಾಲ್ಕು ಚಕ್ರದ ಬಂಡಿಯೊಂದನ್ನು ಕಟ್ಟಿ, ಭೂಮಿಯಿಂದ ಚಂದ್ರನಿಗೆ ಸಂಕೇತ ಹೋಗಿಬರಲು ತಗಲುವ ಸುಮಾರು ಎರಡೂವರೆ ಸೆಕೆಂಡನ್ನು ಬೇಕೆಂದೇ ನಡುವೆ ಸೇರಿಸಿ ನೋಡಿದರು. ಗಂಟೆಗೆ 0.3 ಕಿಲೋಮೀಟರಿಗಿಂತ ವೇಗವಾಗಿ ಆ ಬಂಡಿಯನ್ನು ನಂಬಿಕೆಯಿಂದ ನಡೆಸಲಾಗದು ಎಂದು ಅವರು ಕಂಡುಕೊಂಡರು. ಎಂಐಟಿಯ ಥಾಮಸ್ ಶೆರಿಡನ್ ಮತ್ತು ವಿಲಿಯಂ ಫೆರೆಲ್ 1963ರ ಹೊತ್ತಿಗೆ, ದೂರದಿಂದ ನಡೆಸುವ ಯಂತ್ರದ ಕೈಗಳಲ್ಲಿ ಇನ್ನೊಂದು ಸ್ವಭಾವವನ್ನು ಗುರುತಿಸಿದರು: ವಿಳಂಬ ದೊಡ್ಡದಾದಾಗ ಜನರು ತಾವಾಗಿಯೇ ಸ್ವಲ್ಪ ಸರಿಸಿ, ಕಾದು, ಫಲ ನೋಡಿ, ಮತ್ತೆ ಸ್ವಲ್ಪ ಸರಿಸುತ್ತಾರೆ. ನಿಧಾನವಾದರೂ ಕೆಲಸ ಪೂರೈಸುತ್ತದೆ.

1970ರ ನವೆಂಬರಿನಲ್ಲಿ ಚಂದ್ರನ ಮೇಲೆ ಇಳಿದ ಸೋವಿಯತ್ ಒಕ್ಕೂಟದ ಲೂನಾಖೋಡ್ 1 ಗಾಡಿಯನ್ನು ಕ್ರಿಮಿಯಾದ ಸಿಂಫೆರೋಪೋಲ್ ಬಳಿಯ ಕೇಂದ್ರದಿಂದ ಐದು ಜನರ ತಂಡ ನಡೆಸುತ್ತಿತ್ತು. ಅವರ ಮುಂದೆ ಇಂದಿನಂಥ ಹರಿಯುವ ದೃಶ್ಯವಿರಲಿಲ್ಲ. ಕೆಲವು ಸೆಕೆಂಡುಗಳಿಗೊಂದು ಸ್ಥಿರಚಿತ್ರ ಬರುತ್ತಿತ್ತು, ಕೆಲವೊಮ್ಮೆ 20 ಸೆಕೆಂಡಿಗೊಂದು. ಅಷ್ಟರಲ್ಲೇ ಅವರು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಗಾಡಿ ನಡೆಸಿದರು. ನನಗೆ ಆ ಗಾಡಿಯಲ್ಲಿ ಬಹಳ ಮೆಚ್ಚುಗೆಯಾಗುವ ಸಂಗತಿಯೆಂದರೆ, ಮಿತಿಮೀರಿ ವಾಲಿದರೆ ಭೂಮಿಯನ್ನು ಕೇಳದೆ ತಾನಾಗಿಯೇ ನಿಲ್ಲುವ ಏರ್ಪಾಟು ಅದರಲ್ಲಿತ್ತು. ನಮ್ಮ ಪ್ರಜ್ಞಾನ್ ರೋವರ್ 2023ರ ಆಗಸ್ಟಿನಲ್ಲಿ ನಡೆದದ್ದು ಇನ್ನೂ ಎಚ್ಚರದ ನಡಿಗೆ. 26 ಕಿಲೋ ತೂಕದ ಆ ಆರು ಚಕ್ರದ ಗಾಡಿಯ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರು. ಬೆಂಗಳೂರಿನಲ್ಲಿ ಕುಳಿತ ಇಸ್ರೊ ತಂಡದ ಆದೇಶ ಮೊದಲು ವಿಕ್ರಮ್ ಲ್ಯಾಂಡರಿಗೆ ಹೋಗಿ, ಅಲ್ಲಿಂದ ರೋವರಿಗೆ ದಾಟುತ್ತಿತ್ತು. ಆಗಸ್ಟ್ 27ರಂದು ಮೂರು ಮೀಟರು ಮುಂದೆ ನಾಲ್ಕು ಮೀಟರು ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗುವಂತೆ ಆದೇಶ ಹೋಯಿತು. ಆ ವೇಗದಲ್ಲಿ ಮೂರು ಮೀಟರೆಂದರೆ ಐದು ನಿಮಿಷ. ಚಿತ್ರ ನೋಡಿ, ಚರ್ಚಿಸಿ, ನಿರ್ಧರಿಸಲು ಬೇಕಾದಷ್ಟು ಹೊತ್ತು. ಚಂದ್ರನ ವಿಳಂಬ ದೊಡ್ಡದು, ಆದರೆ ನಂಬಬಹುದಾದದ್ದು. ಮೊಬೈಲ್ ಜಾಲದ ವಿಳಂಬ ಅದರ ಹತ್ತನೇ ಒಂದು ಪಾಲಿದ್ದರೂ ಮುಂದಿನ ಕ್ಷಣ ಎಷ್ಟಾದೀತು ಎಂದು ಹೇಳಲಾಗುವುದಿಲ್ಲ.

ಹೀಗೇಕೆ ಎಂಬುದಕ್ಕೆ ಉತ್ತರ ಟವರಿನಲ್ಲಿದೆ. ಮೊಬೈಲ್ ಜಾಲವನ್ನು ಕಟ್ಟಿರುವುದೇ ಮುಖ್ಯವಾಗಿ ಫೋನಿಗೆ ಇಳಿಸಿಕೊಳ್ಳುವವರಿಗಾಗಿ. ಗಾಡಿ ಮಾಡುವುದು ತದ್ವಿರುದ್ಧದ ಕೆಲಸ: ಇಡೀ ಹೊತ್ತು ವಿಡಿಯೊ ಏರಿಸುತ್ತಲೇ ಇರುತ್ತದೆ. 4ಜಿಯಲ್ಲಿ ಏರಿಸಬೇಕಾದಾಗ ಡಾಂಗಲ್ ಮೊದಲು ಟವರಿನ ಅನುಮತಿ ಕೇಳಬೇಕು, ಟವರ್ ಇಂತಿಷ್ಟು ಎಂದು ಪಾಲು ಹಂಚಬೇಕು. ಬಳಕೆದಾರರು ಹೆಚ್ಚಿದಷ್ಟೂ ಆ ಪಾಲು ಕಿರಿದಾಗುತ್ತದೆ. ಇದರ ಮೇಲೆ ಇನ್ನೊಂದು ಕೇಡಿದೆ. ಸಿಕ್ಕ ಪಾಲಿಗಿಂತ ಹೆಚ್ಚು ವಿಡಿಯೊವನ್ನು ಪೈ ತಳ್ಳಿದರೆ ಡಾಂಗಲ್ ಅದನ್ನು ಬಿಸಾಡುವುದಿಲ್ಲ, ತನ್ನೊಳಗೆ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಒಂದು ಪ್ಯಾಕೆಟ್ಟೂ, ಅಂದರೆ ಜಾಲದಲ್ಲಿ ಹೋಗುವ ಮಾಹಿತಿಯ ಒಂದು ತುಣುಕೂ, ಕಳೆದುಹೋಗುವುದಿಲ್ಲ, ಚಿತ್ರ ಸ್ಫುಟವಾಗಿಯೇ ಇರುತ್ತದೆ, ಆದರೆ ಅದು ಎರಡು ಸೆಕೆಂಡು ಹಿಂದಿನ ಚಿತ್ರ. ಹರಕುಮುರುಕು ದೃಶ್ಯಕ್ಕಿಂತ ಇದು ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಚಾಲಕನಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದ ವಿಡಿಯೊವನ್ನು 640 ಗುಣಿಸು 480ರಲ್ಲಿ, ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದೇನೆ, ಸಾಲು ಬೆಳೆಯುವ ಸೂಚನೆ ಸಿಕ್ಕೊಡನೆ ಇನ್ನೂ ಇಳಿಸುತ್ತೇನೆ. ವಿಡಿಯೊದಲ್ಲಿ ಆಗಾಗ ಬರುವ ಪೂರ್ಣ ಚಿತ್ರಗಳು, ಬದಲಾದದ್ದನ್ನಷ್ಟೇ ಹೊರುವ ಮಿಕ್ಕವುಗಳಿಗಿಂತ ಬಹಳ ದೊಡ್ಡವು. ಅವು ಬಂದಾಗಲೆಲ್ಲ ಒಂದು ಮುಗ್ಗರಿಕೆ ಆಗುತ್ತದೆ. ಪೂರ್ಣ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಹಲವು ಚಿತ್ರಗಳ ಮೇಲೆ ಹರಡಿ ಕಳಿಸುವ ವಿಧಾನ ಇದಕ್ಕೆ ಒಳ್ಳೆಯ ಪರಿಹಾರ.

ಆದೇಶಗಳ ಮಾತು ಬೇರೆ. ವೆಬ್ ಪುಟಗಳಿಗೆ ಬಳಸುವ ಟಿಸಿಪಿ ಪ್ರತಿ ಪ್ಯಾಕೆಟ್ಟನ್ನೂ ಕ್ರಮವಾಗಿ ಮುಟ್ಟಿಸುವ ಭರವಸೆ ಕೊಡುತ್ತದೆ; ನಡುವೆ ಒಂದು ಕಳೆದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬಂದವೆಲ್ಲ ಕಾಯಬೇಕು. ಬ್ಯಾಂಕಿನ ವ್ಯವಹಾರಕ್ಕೆ ಅದು ಸರಿ, ಸ್ಟಿಯರಿಂಗಿಗೆ ಸಲ್ಲದು. ಅರ್ಧ ಸೆಕೆಂಡಿನ ಹಿಂದೆ ಎಡಕ್ಕೆ ತಿರುಗು ಎಂದದ್ದು ಈಗ ಬಂದು ಪ್ರಯೋಜನವೇನು? ಹಾಗಾಗಿ ಕಳೆದದ್ದಕ್ಕೆ ಕಾಯದ ಯುಡಿಪಿ ಎಂಬ ವಿಧಾನ ಬಳಸಿ, ಸೆಕೆಂಡಿಗೆ 30 ಸಲ, ಸ್ಟಿಯರಿಂಗ್ ಮತ್ತು ವೇಗ ಕೊಡುವ ಥ್ರಾಟಲ್ ಈಗ ಎಲ್ಲಿವೆ ಎಂಬ ಪೂರ್ತಿ ಸ್ಥಿತಿಯನ್ನೇ ಕ್ರಮಸಂಖ್ಯೆಯೊಡನೆ ಕಳಿಸುತ್ತೇನೆ. ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಬದಲಾವಣೆಗಳನ್ನು ಕಳಿಸಿದರೆ ಒಂದು ಕಳೆದಾಗ ಎರಡು ತುದಿಗಳ ಲೆಕ್ಕವೂ ತಪ್ಪುತ್ತದೆ. ಪೂರ್ತಿ ಸ್ಥಿತಿ ಕಳಿಸಿದರೆ ಮುಂದಿನ ಪ್ಯಾಕೆಟ್ಟೇ ಎಲ್ಲವನ್ನೂ ಸರಿಪಡಿಸುತ್ತದೆ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಇಂಟರ್ನೆಟ್ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ ಹೊರಗಿನಿಂದ ನೇರವಾಗಿ ಗಾಡಿಯನ್ನು ಕರೆಯಲಾಗದು. ಗಾಡಿಯೇ ಹೊರಗಿನ ಸರ್ವರಿಗೆ ಕರೆ ಮಾಡಿ ಕಾಯಬೇಕು. ಆ ಸರ್ವರ್ ಮುಂಬೈ ಅಥವಾ ಹೈದರಾಬಾದಿನಲ್ಲಿದ್ದರೆ ಒಳ್ಳೆಯದು. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಬಳಸಿ ಸಂಪರ್ಕವನ್ನು ಬೀಗ ಹಾಕಿ ಭದ್ರಪಡಿಸದೆ ಇಂಥ ಗಾಡಿಯನ್ನು ಹೊರಗೆ ಬಿಡಲೇಬಾರದು.

ಇನ್ನು ಆದೇಶದ ವಯಸ್ಸಿನ ವಿಷಯ. ಚಾಲಕನ ಕಂಪ್ಯೂಟರಿನ ಗಡಿಯಾರವೂ ಗಾಡಿಯ ಗಡಿಯಾರವೂ ಸ್ವಲ್ಪವಾದರೂ ಹಿಂದುಮುಂದಿರುತ್ತವೆ. ಅವುಗಳನ್ನು ಹೊಂದಿಸುವ ಗೋಜಿಗೆ ಹೋಗದೆಯೇ ವಯಸ್ಸನ್ನು ತಿಳಿಯುವ ದಾರಿಯಿದೆ. ಗಾಡಿ ತಾನು ಕಳಿಸುವ ಪ್ರತಿ ಚಿತ್ರಕ್ಕೂ ತನ್ನ ಗಡಿಯಾರದ ಸಮಯವನ್ನು ಅಂಟಿಸುತ್ತದೆ. ಚಾಲಕನ ಕಂಪ್ಯೂಟರು ಪ್ರತಿ ಆದೇಶದ ಜೊತೆಗೆ, ತೆರೆಯ ಮೇಲೆ ಆಗ ಕಾಣುತ್ತಿದ್ದ ಚಿತ್ರದ ಸಮಯವನ್ನು ಹಾಗೆಯೇ ಹಿಂದಿರುಗಿಸುತ್ತದೆ. ಆದೇಶ ಮುಟ್ಟಿದಾಗ ಗಾಡಿ ತನ್ನದೇ ಗಡಿಯಾರದಲ್ಲಿ ಈಗಿನ ಸಮಯದಿಂದ ಅದನ್ನು ಕಳೆದರೆ, ಈ ಆದೇಶ ಎಷ್ಟು ಹಳೆಯ ದೃಶ್ಯವನ್ನು ನೋಡಿ ಕೊಟ್ಟದ್ದು ಎಂಬುದು ಸಿಗುತ್ತದೆ. ಏರಿಸುವ ದಾರಿ, ಇಳಿಸುವ ದಾರಿ, ನಡುವಿನ ಸಾಲು ಎಲ್ಲವೂ ಈ ಒಂದು ಅಂಕಿಯಲ್ಲಿ ಸೇರಿರುತ್ತವೆ.

ಆ ಅಂಕಿ ಸಿಕ್ಕ ಮೇಲೆ ವೇಗದ ಮಿತಿಯನ್ನು ಗಾಡಿಯೇ ಹಾಕಿಕೊಳ್ಳಬಹುದು. ಕುರುಡು ದೂರ ಅರ್ಧ ಮೀಟರು ಮೀರಬಾರದೆಂದು ನಾನು ಇಟ್ಟುಕೊಂಡಿದ್ದೇನೆ. ಆದೇಶದ ವಯಸ್ಸು 250 ಮಿಲಿಸೆಕೆಂಡಿದ್ದರೆ ಸೆಕೆಂಡಿಗೆ 2 ಮೀಟರು, 500 ಇದ್ದರೆ 1 ಮೀಟರು, ಒಂದು ಸೆಕೆಂಡು ದಾಟಿದರೆ ಗಾಡಿ ನಿಲ್ಲುತ್ತದೆ. ಚಾಲಕ ಥ್ರಾಟಲನ್ನು ಎಷ್ಟೇ ಒತ್ತಲಿ. ಸರಾಸರಿ ವಯಸ್ಸನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಹಿಂದಿನ ಕೆಲವು ಸೆಕೆಂಡುಗಳಲ್ಲಿ ಕಂಡ ಅತಿ ಹೆಚ್ಚಿನ ವಯಸ್ಸನ್ನೇ ತೆಗೆದುಕೊಳ್ಳಬೇಕು. ಮಿತಿ ಇಳಿಯುವುದು ತಕ್ಷಣ ಆಗಬೇಕು, ಏರುವುದು ಮೆಲ್ಲಗೆ. ಹೀಗೆ ಮಾಡಿದ ಮೇಲೆ ರಾತ್ರಿ ಎಂಟರ ಗಾಡಿ ಬೆಳಗಿನ ಗಾಡಿಗಿಂತ ಸಪ್ಪೆಯಾಗಿ ನಡೆಯುತ್ತದೆ, ಆದರೆ ಬೇವಿನ ಮರವನ್ನು ಗುದ್ದುವುದಿಲ್ಲ. ತೆರೆಯ ಮೂಲೆಯಲ್ಲಿ ಆ ಅಂಕಿಯನ್ನು ದೊಡ್ಡದಾಗಿ ತೋರಿಸುವುದೂ ಅಗತ್ಯ. ಗಾಡಿ ತನ್ನ ಮಾತು ಏಕೆ ಕೇಳುತ್ತಿಲ್ಲ ಎಂಬುದು ಚಾಲಕನಿಗೆ ತಿಳಿಯಬೇಕು.

ನಿಲ್ಲುವ ಅಧಿಕಾರ ಯಾವ ಬಿಡಿಭಾಗದ ಕೈಯಲ್ಲಿರಬೇಕು ಎಂಬುದರ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಹವ್ಯಾಸಿಗಳಲ್ಲಿ ಹಲವರು ಪೈಗೆ ಪಿಸಿಎ9685 ಎಂಬ ಚಿಪ್ಪಿನ ಬೋರ್ಡು ಜೋಡಿಸಿ ಸರ್ವೊ ನಡೆಸುತ್ತಾರೆ. ಒಳ್ಳೆಯ ಚಿಪ್, ಪಲ್ಸುಗಳು ಅಲುಗಾಡದೆ ಬರುತ್ತವೆ. ಆದರೆ ಒಮ್ಮೆ ಅಂಕಿ ಬರೆದಿಟ್ಟರೆ, ಪೈ ಸ್ತಬ್ಧವಾದರೂ ಅದು ಅದೇ ಪಲ್ಸನ್ನು ಹೊರಡಿಸುತ್ತಲೇ ಇರುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಪೈ ಕೈಕೊಟ್ಟರೆ ಗಾಡಿ ಪೂರ್ತಿ ಥ್ರಾಟಲಿನಲ್ಲೇ ಓಡುತ್ತದೆ, ಮತ್ತು ಪಲ್ಸ್ ಬರುತ್ತಲೇ ಇರುವುದರಿಂದ ಸಂಕೇತ ನಿಂತರೆ ಮೋಟಾರು ನಿಲ್ಲಿಸುವ ಇಎಸ್‌ಸಿಯ ರಕ್ಷಣೆಯೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಪೈಗೂ ಮೋಟಾರಿಗೂ ನಡುವೆ ಪೈ ಪೀಕೊದಂಥ ಒಂದು ಸಣ್ಣ ಮೈಕ್ರೊಕಂಟ್ರೋಲರನ್ನು, ಅಂದರೆ ಒಂದೇ ಚಿಪ್ಪಿನ ಸರಳ ಕಂಪ್ಯೂಟರನ್ನು, ಇಟ್ಟು, ಪಲ್ಸ್ ಹೊರಡಿಸುವ ಕೆಲಸವನ್ನು ಅದಕ್ಕೇ ವಹಿಸಬೇಕು. 300 ಮಿಲಿಸೆಕೆಂಡು ಹೊಸ ಆದೇಶ ಬಾರದಿದ್ದರೆ ಅದು ಯಾರನ್ನೂ ಕೇಳದೆ ಥ್ರಾಟಲನ್ನು ಇಳಿಸಿ ಬ್ರೇಕ್ ಹಾಕುತ್ತದೆ. ಒಂದು ಟವರಿನಿಂದ ಇನ್ನೊಂದಕ್ಕೆ ಬದಲಾಗುವಾಗಿನ ತಡೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಚಿಕ್ಕದಾದ್ದರಿಂದ ಗಾಡಿ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಬ್ರೇಕನ್ನು ಒಮ್ಮೆಗೇ ಬಲವಾಗಿ ಹಾಕಬಾರದು. ತಿರುವಿನಲ್ಲಿರುವ ಗಾಡಿ ಮಗುಚುತ್ತದೆ. ಚಕ್ರ ತಿರುಗಿದ್ದ ಕೋನದಲ್ಲೇ ಇರಲಿ, ವೇಗ ಮಾತ್ರ ಇಳಿಯಲಿ.

ಚಾಲಕನ ಕಡೆಯಲ್ಲೂ ಒಂದು ಅಪಾಯ ಅಡಗಿದೆ. ಬ್ರೌಸರಿನಲ್ಲಿ ಕೀಲಿ ಒತ್ತಿ ಹಿಡಿದಿರುವಾಗ ಬೇರೆ ಕಿಟಕಿ ಮೇಲೆ ಬಂದರೆ, ಕೀಲಿ ಬಿಟ್ಟ ಸುದ್ದಿ ಪುಟಕ್ಕೆ ತಲುಪುವುದೇ ಇಲ್ಲ. ಬೆರಳು ಎತ್ತಿಯಾಗಿದ್ದರೂ ಪುಟ ಥ್ರಾಟಲ್ ಒತ್ತಿದೆ ಎಂದೇ ಸೆಕೆಂಡಿಗೆ 30 ಸಲ ಸಾರುತ್ತಿರುತ್ತದೆ, ಗಾಡಿಯ ಪಾಲಿಗೆ ಆದೇಶಗಳು ತಾಜಾ ಆಗಿಯೇ ಕಾಣುತ್ತವೆ. ಪುಟದ ಮೇಲಿನ ಗಮನ ತಪ್ಪಿದೊಡನೆ ಸೊನ್ನೆ ಕಳಿಸುವಂತೆ ಬರೆದಿಡಬೇಕು. ಗೇಮ್‌ಪ್ಯಾಡ್ ಬಳಸಿ ಅದರ ನಿಜಸ್ಥಿತಿಯನ್ನು ಪ್ರತಿ ಸಲವೂ ಓದುವುದು ಇನ್ನೂ ಲೇಸು.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಮೋಟಾರು ನಿಂತಲ್ಲಿಂದ ಹೊರಡುವಾಗ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ, ಅದೇ ತಂತಿಯಲ್ಲಿರುವ ಪೈ ಮತ್ತು ಡಾಂಗಲ್ ಸತ್ತು ಮತ್ತೆ ಹುಟ್ಟುತ್ತವೆ. ಅವೆರಡಕ್ಕೂ ಪ್ರತ್ಯೇಕವಾದ 5 ವೋಲ್ಟಿನ ರೆಗ್ಯುಲೇಟರ್ ಇರಲಿ. ಸೆಲ್ಲೊಂದಕ್ಕೆ 3.3 ವೋಲ್ಟಿನ ಆಸುಪಾಸಿಗೆ ಇಳಿಯುವಷ್ಟರಲ್ಲಿ ಗಾಡಿ ಮನೆಗೆ ಮರಳಿರಬೇಕು.

ಈಗ ನಾನು ಕೈಹಾಕಿರುವುದು ಎರಡನೇ ಸಿಮ್ಮಿನ ಕೆಲಸಕ್ಕೆ. ಆದೇಶದ ಪ್ಯಾಕೆಟ್ಟುಗಳು ಚಿಕ್ಕವು, ತಲೆಬರಹ ಸೇರಿಸಿಯೂ ನೂರು ಬೈಟಿನೊಳಗೇ ಇರುವಂಥವು. ಆದ್ದರಿಂದ ಒಂದೇ ಆದೇಶವನ್ನು ಎರಡು ಬೇರೆ ಕಂಪನಿಗಳ ಜಾಲದ ಮೂಲಕ ಏಕಕಾಲಕ್ಕೆ ಕಳಿಸಿದರೆ ಖರ್ಚು ಲೆಕ್ಕಕ್ಕೆ ಬಾರದು. ಮೊದಲು ಬಂದದ್ದನ್ನು ಗಾಡಿ ಸ್ವೀಕರಿಸುತ್ತದೆ, ಅದೇ ಕ್ರಮಸಂಖ್ಯೆಯ ಎರಡನೆಯದನ್ನು ಬಿಟ್ಟುಬಿಡುತ್ತದೆ. ವಿಡಿಯೊ ಮಾತ್ರ ಆ ಹೊತ್ತಿಗೆ ಚೆನ್ನಾಗಿರುವ ಒಂದೇ ಸಿಮ್ಮಿನಲ್ಲಿ ಹೋಗುತ್ತದೆ. ನಮ್ಮ ಬಡಾವಣೆಯಲ್ಲಿ ಎರಡೂ ಕಂಪನಿಗಳ ಆಂಟೆನಾಗಳು ಒಂದೇ ಟವರಿನ ಮೇಲಿವೆ. ಅವುಗಳ ತರಂಗಾಂತರ ಬೇರೆಯಾದ್ದರಿಂದ ಸಂಜೆಯ ದಟ್ಟಣೆ ಎರಡರಲ್ಲೂ ಒಂದೇ ಕ್ಷಣಕ್ಕೆ ಏರುವುದಿಲ್ಲ, ಅಷ್ಟು ಲಾಭ ಖಂಡಿತ ಸಿಗುತ್ತದೆ. ಟವರಿಗೇ ಕರೆಂಟು ಹೋಗಿ ಅದರ ಬ್ಯಾಟರಿಯೂ ಇಳಿದರೆ ಎರಡೂ ಸಿಮ್ ಒಟ್ಟಿಗೆ ಮೌನವಾಗುತ್ತವೆ, ಆಗ ಮೈಕ್ರೊಕಂಟ್ರೋಲರಿನ ಆ 300 ಮಿಲಿಸೆಕೆಂಡೇ ಗತಿ.